ಡೋಸ್ ಹೆಚ್ಚಿಸದೆ ಆಫ್ ಸಮಯ ಇಳಿಸಿದ್ದು ಹೇಗೆ: ನನ್ನ ಅನುಭವ

ಪಾರ್ಕಿನ್ಸನ್ ಜೊತೆ ಬಾಳುತ್ತಾ ಹತ್ತು ವರ್ಷದ ಹತ್ತಿರ ಬಂದೆ. ಮಾತ್ರೆ ಕೆಲಸ ಮಾಡುವ ಹೊತ್ತಿಗೆ ನಾವು ಆನ್ ಅನ್ನುತ್ತೇವೆ, ಅದರ ಕೆಲಸ ನಿಂತು ಮೈ ಬಿಗಿಯುವ ಹೊತ್ತಿಗೆ ಆಫ್. ಎರಡು ವರ್ಷದ ಹಿಂದೆ ದಿನಕ್ಕೆ ಐದು ಗಂಟೆಯಷ್ಟು ಆಫ್‌ನಲ್ಲೇ ಹೋಗುತ್ತಿತ್ತು. ಈಗ ಒಂದೂವರೆ, ಕೆಟ್ಟ ದಿನವಾದರೆ ಎರಡು. ಮಿದುಳಿನಲ್ಲಿ ಚಲನೆಗೆ ಬೇಕಾದ ಡೋಪಮೈನ್ ಆಗಿ ಬದಲಾಗುವ ಔಷಧಿ ಲೆವೊಡೋಪಾ; ದಿನಕ್ಕೆ ಅದರ ಒಟ್ಟು ಲೆಕ್ಕ ಆಗ ಎಷ್ಟಿತ್ತೋ ಈಗಲೂ ಅಷ್ಟೇ. ಇದನ್ನು ಹೇಳಿದಾಗ ನಂಬಿದವರು ಕಡಿಮೆ. ದಿನಾ ಬರೆದಿಟ್ಟ ಪುಸ್ತಕ ತೆರೆದು ತೋರಿಸಿದ ಮೇಲೆ ಡಾಕ್ಟರೇ ಎರಡು ಸಲ ಪುಟ ತಿರುವಿ ನೋಡಿದರು. ಆ ಖುಷಿಗೇ ಬರೆಯುತ್ತಿದ್ದೇನೆ.

ನಾನು ಮಾಡಿದ್ದು ಮೂರು ಕೆಲಸ. ಮಾತ್ರೆಯ ಹೊತ್ತು ಸರಿಮಾಡಿದ್ದು, ಪ್ರೊಟೀನನ್ನು ರಾತ್ರಿಗೆ ತಳ್ಳಿದ್ದು, ಉಸಿರು ಏರುವ ಹಾಗೆ ಸೈಕಲ್ ತುಳಿದದ್ದು. ಮೂರೂ ನೀವು ಕೇಳಿರುವಂಥವೇ. ಬೇರೆ ಬೇರೆಯಾಗಿ ಮಾಡಿದಾಗ ನನಗೂ ಅಂಥ ಲಾಭ ಕಾಣಲಿಲ್ಲ. ಒಂದಕ್ಕೊಂದು ಹೊಂದಿಸಿದಾಗ ಮಾತ್ರ ಕೆಲಸ ಮಾಡಿತು. ಅಷ್ಟು ಗೊತ್ತಾಗಲು ಒಂದು ವರ್ಷಕ್ಕಿಂತ ಜಾಸ್ತಿ ಹಿಡಿಯಿತು.

ಮೊದಲು ಪುಸ್ತಕದ ವಿಷಯ. ಮಕ್ಕಳ ಗಣಿತದ ಚೌಕುಳಿ ಪುಸ್ತಕ ಸಾಕು. ಒಂದು ಮನೆಗೆ ಅರ್ಧ ಗಂಟೆ. ನಿದ್ದೆಗೆ ಗೆರೆ, ಆನ್‌ಗೆ ಚುಕ್ಕಿ, ಆಫ್‌ಗೆ ಕಪ್ಪು, ಮೈ ತಾನಾಗಿ ಕುಲುಕುತ್ತಿದ್ದರೆ ಅಲೆ. ಕೆಳಗೆ ಮಾತ್ರೆ ನುಂಗಿದ ಹೊತ್ತು, ತಿಂದದ್ದು, ಹೊಟ್ಟೆ ಸಲೀಸಾಯಿತೋ ಇಲ್ಲವೋ. ಆಫ್‌ನಲ್ಲಿ ಕೈ ಬಗ್ಗದಿದ್ದರೆ ಮಗಳು ಬರೆಯುತ್ತಿದ್ದಳು. ಫೋನಿನ ಆಪ್‌ಗಳನ್ನೂ ನೋಡಿದೆ. ಆಫ್ ಇದ್ದಾಗ ಬೆರಳು ಸರಿಯಾದ ಗುಂಡಿಗೆ ಬೀಳುವುದಿಲ್ಲ, ಆನ್ ಇದ್ದಾಗ ಆಪ್ ನೆನಪಾಗುವುದಿಲ್ಲ. ಪುಸ್ತಕವೇ ವಾಸಿ.

ಮೂರು ವಾರ ತುಂಬಿದ ಮೇಲೆ ಪುಟಗಳನ್ನು ಪಕ್ಕಪಕ್ಕ ಇಟ್ಟು ನೋಡಿದೆ. ಕಪ್ಪು ಮನೆಗಳು ಎಲ್ಲೆಂದರಲ್ಲಿ ಇರಲಿಲ್ಲ. ಬೆಳಗಿನ ಮೊದಲ ಡೋಸ್ ಯಾವತ್ತೂ ಕೈಕೊಟ್ಟಿಲ್ಲ. ಮಧ್ಯಾಹ್ನದ ಊಟ ಮುಗಿಸಿ ನುಂಗಿದ್ದು ಮಾತ್ರ ಒಂದೂವರೆ ಗಂಟೆಯಾದರೂ ಹತ್ತುತ್ತಿರಲಿಲ್ಲ, ಅಂದರೆ ಕೆಲಸ ಶುರುಮಾಡುತ್ತಿರಲಿಲ್ಲ. ಕೆಲವು ದಿನ ಹತ್ತಲೇ ಇಲ್ಲ. ಎರಡು ಮೂರು ದಿನ ಹೊಟ್ಟೆ ಕಟ್ಟಿದರೆ ಎಲ್ಲ ಡೋಸೂ ತಡ. ಆ ತನಕ ಇದನ್ನೆಲ್ಲ ರೋಗ ಮುಂದುವರಿದದ್ದು ಅಂದುಕೊಂಡು ಸುಮ್ಮನಿದ್ದೆವು. ಆಗ ನೋಡುತ್ತಿದ್ದ ನ್ಯೂರಾಲಜಿಸ್ಟ್ ಕೂಡ ಡೋಸ್ ಏರಿಸುವ ಮಾತನ್ನೇ ಆಡಿದ್ದರು. ಒಮ್ಮೆ ಏರಿಸಿಯೂ ನೋಡಿದೆವು. ಕುಲುಕಾಟ ಬಂತು, ಆಫ್ ಹೋಗಲಿಲ್ಲ. ಮತ್ತೆ ಇಳಿಸಿದೆವು.

ಕಾರಣ ಇಷ್ಟೇ. ಕರುಳಿನಿಂದ ರಕ್ತಕ್ಕೆ, ರಕ್ತದಿಂದ ಮಿದುಳಿಗೆ ಹೋಗಲು ಲೆವೊಡೋಪಾ ಹತ್ತುವ ಬಂಡಿಗೇ ಪ್ರೊಟೀನಿನ ಅಮೈನೋ ಆಮ್ಲಗಳೂ ಹತ್ತುತ್ತವೆ. ಮಿದುಳು ತಲುಪುವ ಮುಂಚೆ ಲೆವೊಡೋಪಾ ಹಾಳಾಗದಂತೆ ತಡೆಯುವ ಕಾರ್ಬಿಡೋಪಾ ಜೊತೆಗಿದ್ದರೂ ರಕ್ತದಲ್ಲಿ ಲೆವೊಡೋಪಾದ ಅರ್ಧಾಯುಷ್ಯ, ಅಂದರೆ ಅರ್ಧ ಕರಗಿಹೋಗುವ ಹೊತ್ತು, ಒಂದೂವರೆ ಗಂಟೆಯಷ್ಟೇ. ಅದು ಹೊಟ್ಟೆಯಲ್ಲೇ ಕಾಯುತ್ತಾ ಕೂತರೆ ಆ ಡೋಸ್ ಹೋದ ಹಾಗೆಯೇ.

ಡಾಕ್ಟರನ್ನು ಬದಲಿಸಿದೆ. ಹೊಸಬರು ಪುಸ್ತಕವನ್ನು ಪುಟಪುಟವಾಗಿ ನೋಡಿದರು. ನಾಲ್ಕು ಹೊತ್ತಿನ ಡೋಸನ್ನು ಐದು ಹೊತ್ತಿಗೆ ಹಂಚಿದರು. ಊಟಕ್ಕೆ ಮುಕ್ಕಾಲು ಗಂಟೆ ಮುಂಚೆ, ಇಲ್ಲವೇ ಊಟವಾಗಿ ಒಂದೂವರೆ ಗಂಟೆಯ ಮೇಲೆ, ತುಂಬಿದ ಲೋಟ ನೀರಿನ ಜೊತೆ. ಕಬ್ಬಿಣಾಂಶದ ಮಾತ್ರೆ ಇದ್ದರೆ ಅದನ್ನು ದೂರ ಇಡಿ, ಲೆವೊಡೋಪಾವನ್ನು ಅದು ಹಿಡಿದಿಟ್ಟುಕೊಳ್ಳುತ್ತದೆ. ಬೆಳಗಿನ ಮೊದಲ ಡೋಸ್ ನಾನು ಎಷ್ಟು ಹೊತ್ತಿಗೆ, ಹೇಗೆ ತಗೋತೀನಿ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಅದು ನನ್ನ ಮೈಗೆ ಕೂತ ಲೆಕ್ಕ. ಕೇಳಿದವರೆಲ್ಲ ಹಾಗೇ ಮಾಡಲು ಹೋಗುತ್ತಾರೆ, ಅದು ಬೇಡ. ನಿಮ್ಮ ಪುಸ್ತಕ ತುಂಬಿಸಿ, ನಿಮ್ಮ ಡಾಕ್ಟರ ಮುಂದೆ ಇಡಿ.

ಪ್ರೊಟೀನ್ ಸರಿಸಿದ್ದರಲ್ಲಿ ಮೊದಲ ಸುತ್ತು ಪೂರಾ ಸೋತಿತು. ಕಾಳು, ಹಾಲು, ಮೊಟ್ಟೆ ಎಲ್ಲವನ್ನೂ ಹಗಲಿನಲ್ಲಿ ನಿಲ್ಲಿಸಿ ರಾತ್ರಿಗೆ ಇಟ್ಟೆವು. ಮಧ್ಯಾಹ್ನದ ಡೋಸ್ ಹತ್ತಿತು, ನಿಜ. ಆದರೆ ರಾತ್ರಿ ಅಷ್ಟೊಂದು ತಿನ್ನಲು ಆಗದೆ ಎರಡು ತಿಂಗಳಲ್ಲಿ ನಾಲ್ಕು ಕೆಜಿ ಇಳಿದೆ. ತೊಡೆಯ ಮಾಂಸವೇ ಕರಗಿತು. ನಮ್ಮಂಥವರಿಗೆ ಅದು ಬೀಳುವುದಕ್ಕೆ ದಾರಿ. ಆಹಾರ ತಜ್ಞೆಯೊಬ್ಬರು ಲೆಕ್ಕ ಬದಲಿಸಿದರು. ದಿನದ ಒಟ್ಟು ಪ್ರೊಟೀನ್ ಒಂದು ಗ್ರಾಮೂ ಕಡಿಮೆಯಾಗಬಾರದು. ಕಾಲು ಭಾಗ ಹಗಲಿಗೆ, ಉಳಿದದ್ದು ಸಂಜೆಯ ಮೇಲೆ, ಅದೂ ಎರಡು ಸಲ ಹಂಚಿ. ತೂಕ ನಿಧಾನಕ್ಕೆ ಹಿಂದಕ್ಕೆ ಬಂತು. ರಾತ್ರಿ ಹಾಸಿಗೆಯಲ್ಲಿ ಮಗ್ಗುಲಾಗುವುದು ಮೊದಲಿಗಿಂತ ಸ್ವಲ್ಪ ಕಷ್ಟ, ಅದನ್ನು ಒಪ್ಪಿಕೊಂಡಿದ್ದೇನೆ. ಹಗಲು ನನ್ನದಾಯಿತಲ್ಲ.

ಇನ್ನು ಸೈಕಲ್. ಎಲ್ಲರೂ ಬೇಡ ಅಂದದ್ದು ಇದಕ್ಕೇ. ತಮ್ಮ ದಿನಾ ಫೋನ್ ಮಾಡಿ, "ಅಕ್ಕ, ಸುಮ್ನೆ ಯಾಕೆ ದಣೀತೀಯ, ವಾಕಿಂಗ್ ಸಾಕಲ್ವಾ?" ಅನ್ನುತ್ತಿದ್ದ. ವಾಕಿಂಗ್ ನಾನು ವರ್ಷಗಟ್ಟಲೆ ಮಾಡಿದ್ದೆ. ಮನಸ್ಸಿಗೆ ಹಿತ, ಕಾಲಿಗೆ ವಿಶೇಷವೇನೂ ಆಗಲಿಲ್ಲ. 2018ರಲ್ಲಿ ಬಂದ ಸ್ಪಾರ್ಕ್ಸ್ ಅಧ್ಯಯನ ಓದಿದ ಮೇಲೆ ಯಾಕೆ ಅಂತ ಅರ್ಥವಾಯಿತು. ಹೊಸದಾಗಿ ರೋಗ ಗೊತ್ತಾದ, ಇನ್ನೂ ಮಾತ್ರೆ ಶುರುಮಾಡದ 128 ಜನರನ್ನು ಮೂರು ಗುಂಪು ಮಾಡಿದ್ದರು. ಹೃದಯದ ಗರಿಷ್ಠ ಬಡಿತದ 80ರಿಂದ 85 ಶೇಕಡಾ ಮುಟ್ಟುವ ಹಾಗೆ ಟ್ರೆಡ್‌ಮಿಲ್ ಮೇಲೆ ನಡೆದವರ ಲಕ್ಷಣಗಳು ಆರು ತಿಂಗಳಲ್ಲಿ ಹೆಚ್ಚುಕಡಿಮೆ ಇದ್ದಲ್ಲೇ ಇದ್ದವು. ವ್ಯಾಯಾಮ ಇಲ್ಲದವರದ್ದು ಹೆಚ್ಚಿತು. 2019ರಲ್ಲಿ ನೆದರ್‌ಲ್ಯಾಂಡ್ಸ್‌ನವರು 130 ಜನರಲ್ಲಿ ಅರ್ಧದಷ್ಟು ಮಂದಿಗೆ ಮನೆಯಲ್ಲೇ ವ್ಯಾಯಾಮದ ಸೈಕಲ್ ಕೊಟ್ಟು, ಉಳಿದವರಿಗೆ ಮೈ ಹಿಗ್ಗಿಸುವ ವ್ಯಾಯಾಮ ಹೇಳಿಕೊಟ್ಟು ನೋಡಿದರು. ಅಲ್ಲೂ ಸೈಕಲ್‌ನವರದ್ದೇ ಮೇಲುಗೈ. ನನ್ನದು ಹಳೆಯ ರೋಗ, ಆ ಅಂಕಿಗಳು ನನಗೆ ಹಾಗೇ ಹೊಂದುತ್ತವೆ ಅಂತಲ್ಲ. ಆದರೆ ದಣಿವಾಗುವಷ್ಟು ಮಾಡಬೇಕು ಅನ್ನುವುದು ಮನಸ್ಸಿಗೆ ನಾಟಿತು.

ಹೃದಯದ ಪರೀಕ್ಷೆ ಮಾಡಿಸಿಕೊಂಡು ಶುರುಮಾಡಿದೆ. ನಿಂತಾಗ ಬಿಪಿ ಬೀಳುವವರು ಇದನ್ನು ಮರೆಯಬೇಡಿ. ಮೊದಲ ಎರಡು ತಿಂಗಳು ಏನೂ ಆಗಲಿಲ್ಲ. ಸುಸ್ತು, ಮೊಣಕಾಲು ನೋವು, ಪುಸ್ತಕದಲ್ಲಿ ಕಪ್ಪು ಮನೆಗಳು ಹಾಗೇ. ನಾನು ತುಳಿಯುತ್ತಿದ್ದುದು ಬೆಳಿಗ್ಗೆ ಎದ್ದ ಕೂಡಲೇ, ಮಾತ್ರೆ ಹತ್ತುವ ಮುಂಚೆ. ಕಾಲು ಅರ್ಧ ಸುತ್ತಿಗೆ ಕಚ್ಚಿಕೊಳ್ಳುತ್ತಿತ್ತು, ಬಡಿತ ನೂರು ದಾಟುತ್ತಿರಲಿಲ್ಲ. ಆಮೇಲೆ ಎರಡನೇ ಡೋಸ್ ನುಂಗಿ ನಲವತ್ತು ನಿಮಿಷಕ್ಕೆ ಸೈಕಲ್ ಹತ್ತಲು ತೊಡಗಿದೆ. ಅಲ್ಲಿಂದ ಆಟವೇ ಬೇರೆ. ತಾಳ ಹಾಕುವ ಮೆಟ್ರೊನೋಮ್ ಹಾಕಿಕೊಂಡು ನಿಮಿಷಕ್ಕೆ 80 ಸುತ್ತು. ಐದು ನಿಮಿಷ ನಿಧಾನ, ಇಪ್ಪತ್ತೈದು ನಿಮಿಷ ಜೋರು, ಮತ್ತೆ ಐದು ನಿಧಾನ. ವಾರಕ್ಕೆ ನಾಲ್ಕು ದಿನ. ಜೋರಿನಲ್ಲಿ ಇದ್ದಾಗ ಒಂದು ಉಸಿರಿಗೆ ಮೂರ್ನಾಲ್ಕು ಪದಕ್ಕಿಂತ ಹೆಚ್ಚು ಮಾತಾಡಲು ಆಗಬಾರದು, ಅದೇ ನನ್ನ ಅಳತೆ. ನಾಲ್ಕನೇ ತಿಂಗಳ ಹೊತ್ತಿಗೆ ಹೊಟ್ಟೆ ದಿನಾ ಸಲೀಸಾಗತೊಡಗಿತು. ಹೊಟ್ಟೆ ಸರಿಯಾದ ಮೇಲೆ ಮಾತ್ರೆಯೂ ಹೊತ್ತಿಗೆ ಸರಿಯಾಗಿ ಹತ್ತತೊಡಗಿತು. ಒಟ್ಟಿಗೆ ಹೊಂದಿಸಬೇಕು ಅಂತ ನಾನು ಹೇಳುವುದು ಇದನ್ನೇ. ರವಿಕೆಯ ಹುಕ್ಕುಗಳನ್ನು ಯಾರ ಸಹಾಯವೂ ಇಲ್ಲದೆ ಹಾಕಿಕೊಂಡ ದಿನ ತಮ್ಮನಿಗೆ ನಾನೇ ಫೋನ್ ಮಾಡಿದೆ.

ನಡೆಯಲು ಆಗದವರು ಸೈಕಲ್ ಹೇಗೆ ತುಳಿದಾರು ಅನ್ನುವವರಿಗೆ ಒಂದು ಮಾತು. 2010ರಲ್ಲಿ ನೆದರ್‌ಲ್ಯಾಂಡ್ಸ್‌ನ ನ್ಯೂರಾಲಜಿಸ್ಟ್ ಬಾಸ್ ಬ್ಲೂಮ್ ಮತ್ತು ಅವರ ಜೊತೆಯವರು ಒಬ್ಬರ ಬಗ್ಗೆ ವರದಿ ಮಾಡಿದ್ದರು. ಆ ಮನುಷ್ಯನಿಗೆ ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಕಾಲು ನೆಲಕ್ಕೆ ಅಂಟುತ್ತಿತ್ತು, ಆದರೆ ರಸ್ತೆಯಲ್ಲಿ ಸೈಕಲ್ ಸರಾಗವಾಗಿ ಓಡಿಸುತ್ತಿದ್ದ. ರಸ್ತೆಯ ಸೈಕಲ್‌ಗೆ ಹೋಗಬೇಡಿ ಅಂತ ನನ್ನ ಸಲಹೆ. ಮನೆಯೊಳಗಿನದ್ದು ಸಾಕು.

ಕಾಲು ಅಂಟುವುದಕ್ಕೆ ನಾನು ಮಾಡಿದ್ದು ಬಣ್ಣದ ಟೇಪು. ಬಚ್ಚಲ ಬಾಗಿಲಿಗೆ ಮುಂಚೆ ಅಡ್ಡಡ್ಡ ಐದು ಪಟ್ಟಿ, ಒಂದು ಹೆಜ್ಜೆಯ ದೂರಕ್ಕೆ ಒಂದು. ಪಟ್ಟಿಯನ್ನು ದಾಟಬೇಕು, ಮೆಟ್ಟಬಾರದು. ಕಣ್ಣಿಗೆ ಗೆರೆ ಕಂಡರೆ ಕಾಲು ಏಳುತ್ತದೆ. ತಿರುಗುವಾಗ ನಿಂತಲ್ಲೇ ತಿರುಗದೆ ಅರ್ಧಚಂದ್ರದ ಹಾಗೆ ದೊಡ್ಡ ಸುತ್ತು ಹಾಕುತ್ತೇನೆ. ಜನರ ನಡುವೆ ಸಿಕ್ಕಿಕೊಂಡಾಗ ಬಿಡಿಸಿಕೊಳ್ಳಲು ಇನ್ನೊಂದು ಉಪಾಯವಿದೆ. ಅದನ್ನು ಫಿಸಿಯೋ ಪಕ್ಕದಲ್ಲಿ ನಿಂತು ಕಲಿಸಬೇಕು, ಓದಿಕೊಂಡು ಮಾಡಿದರೆ ಬೀಳುತ್ತೀರಿ. ಹಾಗಾಗಿ ಅದೂ ನನ್ನ ಹತ್ತಿರವೇ ಇರಲಿ.

ದುಡ್ಡಿನ ವಿಷಯಕ್ಕೆ ಬರೋಣ. ನಾನು ಖರ್ಚನ್ನು ಮಾತ್ರೆಯ ತಿಂಗಳಲ್ಲಿ ಅಳೆಯುತ್ತೇನೆ. ನಡುಕ ತಡೆಯುವ ಚಮಚಕ್ಕೆ ಐದಾರು ತಿಂಗಳ ಮಾತ್ರೆಯ ದುಡ್ಡು ಹೋಯಿತು. ನನ್ನ ತೊಂದರೆ ನಡುಕಕ್ಕಿಂತ ಬಿಗಿತ, ಹಾಗಾಗಿ ಅದು ಡಬ್ಬಿಯಲ್ಲೇ ಇದೆ. ಲೇಸರ್ ಗೆರೆ ಬಿಡುವ ಊರುಗೋಲಿಗೆ ನಾಲ್ಕು ತಿಂಗಳದ್ದು. ಬಿಸಿಲಲ್ಲಿ ಗೆರೆಯೇ ಕಾಣುವುದಿಲ್ಲ. ಟೇಪಿನ ಸುರುಳಿ ಒಂದು ದಿನದ ಮಾತ್ರೆಗಿಂತ ಅಗ್ಗ. ಸೈಕಲ್ ಹಳೆಯದು ಸಿಕ್ಕಿತು, ಮೂರು ತಿಂಗಳದ್ದು, ಎರಡು ವರ್ಷದಿಂದ ದುಡಿಯುತ್ತಿದೆ. ಎಲ್ಲಕ್ಕಿಂತ ಹೆಚ್ಚು ದುಡ್ಡು ಕಳೆದುಕೊಳ್ಳುವುದರಲ್ಲಿ ಇದ್ದದ್ದು ಸ್ಟೆಮ್ ಸೆಲ್ ಇಂಜೆಕ್ಷನ್ ಕೊಡುತ್ತೇವೆ ಅಂತ ಕರೆದ ಒಂದು ಕಡೆ. ಹದಿನೈದು ವರ್ಷದ ಮಾತ್ರೆಯ ಮೊತ್ತ ಕೇಳಿದರು. ಯಾವ ಜೀವಕೋಶ, ಎಲ್ಲಿಗೆ ಚುಚ್ಚುತ್ತೀರಿ, ಎಷ್ಟು ಜನರನ್ನು ಎಷ್ಟು ವರ್ಷ ನೋಡಿದ್ದೀರಿ ಅಂತ ಕೇಳಿದೆ. ಉತ್ತರ ಬರಲಿಲ್ಲ, ಎದ್ದು ಬಂದೆ.

ನಿಜವಾದ ಕೆಲಸ ಬೇರೆ ಕಡೆ ನಡೆಯುತ್ತಿದೆ. 2025ರ ಏಪ್ರಿಲ್‌ನಲ್ಲಿ ನೇಚರ್ ಪತ್ರಿಕೆಯಲ್ಲಿ ಎರಡು ವರದಿ ಬಂದವು. ಒಂದರಲ್ಲಿ 12 ಜನ, ಜಪಾನಿನ ಕ್ಯೋಟೊದ ಇನ್ನೊಂದರಲ್ಲಿ 7 ಜನ. ಲ್ಯಾಬಿನಲ್ಲಿ ಬೆಳೆಸಿದ ಡೋಪಮೈನ್ ಕೋಶಗಳನ್ನು ಆಪರೇಷನ್ ಮಾಡಿ ಮಿದುಳಿಗೇ ಇಟ್ಟಿದ್ದಾರೆ. ಸದ್ಯಕ್ಕೆ ಅಪಾಯವಾಗಿಲ್ಲ ಅನ್ನುವುದೇ ಮುಖ್ಯ ಸುದ್ದಿ. ಅಷ್ಟು ಎಚ್ಚರಿಕೆಯಿಂದ ಅವರು ಹೋಗುತ್ತಿರುವಾಗ, ದುಡ್ಡು ಕೊಟ್ಟರೆ ನಾಳೆಯೇ ಚುಚ್ಚುತ್ತೇವೆ ಅನ್ನುವವರನ್ನು ನಂಬಲು ನನ್ನಿಂದ ಆಗಲಿಲ್ಲ.

ನನ್ನ ಬೇರೆ ಸಣ್ಣಪುಟ್ಟ ಪ್ರಯೋಗಗಳೂ ನಡೆದವು. ನಸುಗುನ್ನಿ ಬೀಜದಲ್ಲಿ ನಿಜವಾಗಿ ಲೆವೊಡೋಪಾ ಇದೆ. ಡಾಕ್ಟರಿಗೆ ತಿಳಿಸಿಯೇ ಅದರ ಪುಡಿಯನ್ನು ಒಂದು ಡೋಸಿನ ಬದಲು ನೋಡಿದೆ. ಬೇಗ ಹತ್ತಿತು, ಸುಳ್ಳಲ್ಲ. ಆದರೆ ಜೊತೆಗೆ ಕಾರ್ಬಿಡೋಪಾ ಇಲ್ಲದ್ದರಿಂದ ಹೊಟ್ಟೆ ತೊಳೆಸಿತು. ಎರಡನೇ ಡಬ್ಬಿಯ ಪುಡಿ ಮೊದಲಿನದರ ಅರ್ಧವೂ ಕೆಲಸ ಮಾಡಲಿಲ್ಲ. ಪ್ರತಿ ಡಬ್ಬಿಗೂ ಹೊಸ ಲೆಕ್ಕ ಹಾಕುವುದು ಸಾಧ್ಯವಿಲ್ಲ, ಬಿಟ್ಟೆ. ದನಿ ಕುಗ್ಗಿದ್ದಕ್ಕೆ ಎಲ್‌ಎಸ್‌ವಿಟಿ ಅನ್ನುವ ದನಿಯ ತರಬೇತಿ ತಗೊಂಡೆ. ವಾರಕ್ಕೆ ನಾಲ್ಕು ದಿನ, ನಾಲ್ಕು ವಾರ. ಕಲಿಸುವುದು ಒಂದೇ, ಜೋರಾಗಿ ಮಾತಾಡು. ನನಗೆ ಕಿರುಚಿದ ಹಾಗೆ ಅನ್ನಿಸುವ ದನಿ ಎದುರಿಗಿದ್ದವರಿಗೆ ಸರಿಯಾಗಿ ಕೇಳುವ ದನಿ ಅಂತ ಆಗ ತಿಳಿಯಿತು. ದಿನಾ ಹತ್ತು ನಿಮಿಷ ಪೇಪರನ್ನು ಗಟ್ಟಿಯಾಗಿ ಓದುವುದನ್ನು ಇನ್ನೂ ಬಿಟ್ಟಿಲ್ಲ.

ಸಂಶೋಧನೆಯನ್ನು ನಾನು ಬಿಡದೆ ಓದುತ್ತೇನೆ. ಸಕ್ಕರೆ ಕಾಯಿಲೆಯ ಔಷಧಿಗಳ ಮೇಲೆ ತುಂಬಾ ಆಸೆ ಇಟ್ಟಿದ್ದೆ. ಲಿಕ್ಸಿಸೆನಟೈಡ್ 2024ರಲ್ಲಿ 156 ಜನರ ಅಧ್ಯಯನದಲ್ಲಿ ಸ್ವಲ್ಪ ಲಾಭ ತೋರಿಸಿತು, ವಾಕರಿಕೆಯ ಕಾಟವೂ ಇತ್ತು. ಮರುವರ್ಷ ಎಕ್ಸೆನಟೈಡ್‌ನ ದೊಡ್ಡ ಅಧ್ಯಯನದಲ್ಲಿ ಏನೂ ಸಿಗಲಿಲ್ಲ. ಆ ದಿನ ಬೇಜಾರಾಯಿತು. ಸಮಾಧಾನಕ್ಕೆ 1967ರಲ್ಲಿ ಡೋಪಾ ಚಿಕಿತ್ಸೆಯನ್ನು ಗೆಲ್ಲಿಸಿದ ಡಾಕ್ಟರ್ ಜಾರ್ಜ್ ಕೋಟ್ಸಿಯಾಸ್ ನೆನಪಾದರು. ಅದಕ್ಕೂ ಮುಂಚೆ ಡೋಪಾ ಕೊಟ್ಟು ಕೆಲವರು ಗೆದ್ದೆವು ಅಂದರು, ಕೆಲವರು ಏನೂ ಇಲ್ಲ ಅಂದರು. ಅದೇ ಔಷಧಿಯನ್ನು ಇವರು ಸಣ್ಣದಾಗಿ ಶುರುಮಾಡಿ, ತಿಂಗಳುಗಟ್ಟಲೆ ನಿಧಾನಕ್ಕೆ ಏರಿಸಿ ಗೆದ್ದರು. ಇವತ್ತು ನಾವು ನಡೆಯುತ್ತಿರುವುದು ಆ ತಾಳ್ಮೆಯಿಂದ. ಬೆನ್ನುಹುರಿಯ ದ್ರವದಲ್ಲಿ ಕೆಟ್ಟ ಆಲ್ಫಾ ಸಿನ್ಯೂಕ್ಲಿನ್ (ಈ ರೋಗದಲ್ಲಿ ಮಿದುಳಿನಲ್ಲಿ ಗಂಟುಕಟ್ಟುವ ಪ್ರೊಟೀನ್) ಪತ್ತೆ ಮಾಡುವ ಪರೀಕ್ಷೆ 2023ರಲ್ಲಿ ದೊಡ್ಡ ಗುಂಪಿನಲ್ಲಿ ಗೆದ್ದದ್ದು ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಸುದ್ದಿ. ನಡುಕ ಬರುವ ಮೊದಲೇ ರೋಗ ಹಿಡಿಯಲು ಸಾಧ್ಯವಾದರೆ ಔಷಧಿಗಳನ್ನೂ ಆಗಲೇ ಪರೀಕ್ಷಿಸಬಹುದು. ಚರ್ಮದ ಕೆಳಗೆ ಹಗಲೂ ರಾತ್ರಿ ಔಷಧಿ ಹರಿಸುವ ಪಂಪ್‌ಗೆ 2024ರಲ್ಲಿ, ಮಿದುಳಿನ ಅಲೆ ನೋಡಿ ತಾನೇ ಹೆಚ್ಚುಕಡಿಮೆ ಮಾಡಿಕೊಳ್ಳುವ ಡಿಬಿಎಸ್‌ಗೆ (ಮಿದುಳಿಗೆ ತಂತಿ ಇಟ್ಟು ಸಣ್ಣ ವಿದ್ಯುತ್ ಕೊಡುವ ಚಿಕಿತ್ಸೆ) 2025ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ನನಗೂ ಡಿಬಿಎಸ್ ಮಾತು ಬಂದಿತ್ತು. ಸದ್ಯಕ್ಕೆ ಬೇಕಾಗಿಲ್ಲ ಅಂದರು ಡಾಕ್ಟರು. ಬೇಕಾದ ದಿನ ಹಿಂಜರಿಯುವುದಿಲ್ಲ.

ಕೊನೆಗೊಂದು ವಿಷಯ, ಇದನ್ನು ಮಾತ್ರ ಬಿಡಬೇಡಿ. ಕಳೆದ ವರ್ಷ ಬೇರೆ ಕಾಯಿಲೆಗೆ ಆಸ್ಪತ್ರೆ ಸೇರಿದ್ದೆ. ಅಲ್ಲಿ ವಾರ್ಡಿನ ಹೊತ್ತಿಗೆ ಮಾತ್ರೆ ಕೊಟ್ಟರು, ನನ್ನ ಹೊತ್ತಿಗಲ್ಲ. ವಾಂತಿಗೆ ಮೆಟೊಕ್ಲೊಪ್ರಮೈಡ್ ಹಾಕಲು ಬಂದರು. ಅದು ಮಿದುಳಿನಲ್ಲಿ ಡೋಪಮೈನಿಗೇ ಅಡ್ಡ ಬರುವ ಔಷಧಿ. ಮಗಳು ತಡೆದಳು. ಈಗ ಪರ್ಸಿನಲ್ಲಿ ಒಂದು ಕಾರ್ಡು ಇದೆ. ನನ್ನ ಐದು ಹೊತ್ತುಗಳು, ಮಾತ್ರೆಯನ್ನು ಏಕಾಏಕಿ ನಿಲ್ಲಿಸಬಾರದು ಅನ್ನುವ ಮಾತು, ಕೊಡಬಾರದ ಮೆಟೊಕ್ಲೊಪ್ರಮೈಡ್, ಪ್ರೊಕ್ಲೋರ್‌ಪೆರಜಿನ್, ಹ್ಯಾಲೊಪೆರಿಡಾಲ್ ಹೆಸರುಗಳು, ಕೆಳಗೆ ಡಾಕ್ಟರ ಸಹಿ ಮತ್ತು ಫೋನ್ ನಂಬರು. ಮಗಳ ಹತ್ತಿರ ಒಂದು ನಕಲು, ತಮ್ಮನ ಹತ್ತಿರ ಇನ್ನೊಂದು. ಡೋಸ್ ಬದಲಾದಾಗಲೆಲ್ಲ ಮೂರನ್ನೂ ಹೊಸದಾಗಿ ಬರೆಯುತ್ತೇವೆ.