ಹೊಸ ಕಾರಿನಲ್ಲಿ ಒಂದೇ ದೋಷ ಮರುಕಳಿಸುತ್ತಿದ್ದರೆ

ಹೊಸ ಕಾರಿನಲ್ಲಿ ಒಂದೇ ಯಾಂತ್ರಿಕ ದೋಷ ಮತ್ತೆ ಮತ್ತೆ ಕಾಣಿಸಿಕೊಂಡರೆ, ಸರ್ವೀಸ್ ಕೇಂದ್ರಕ್ಕೆ ಹೋದ ಪ್ರತಿ ಸಲವೂ ಆ ದೋಷವನ್ನು ನಿಮ್ಮದೇ ಮಾತುಗಳಲ್ಲಿ, ಓಡಿದ ಕಿಲೋಮೀಟರ್ ಮತ್ತು ‘ಹಿಂದೆಯೂ ಇದೇ ದೂರಿತ್ತು’ ಎಂಬ ಸಾಲಿನೊಡನೆ ಜಾಬ್ ಕಾರ್ಡಿನಲ್ಲಿ (ದೂರು ಮತ್ತು ಮಾಡಬೇಕಾದ ಕೆಲಸವನ್ನು ಕೇಂದ್ರದವರು ದಾಖಲಿಸುವ ಹಾಳೆ) ಬರೆಯಿಸಿ, ಅದರ ಪ್ರತಿಯನ್ನು ಕೈಯಲ್ಲಿ ಹಿಡಿದೇ ಹೊರಡಿ. ವಾರಂಟಿಯಡಿ ಉಚಿತವಾಗಿ ಮಾಡಿದ ರಿಪೇರಿಗೂ ಶೂನ್ಯ ಮೊತ್ತದ ಬಿಲ್ಲನ್ನು ಕೇಳಿ ಪಡೆಯಿರಿ. ಭಾರತದಲ್ಲಿ ದೋಷಪೂರಿತ ವಾಹನಗಳಿಗೆಂದೇ ಪ್ರತ್ಯೇಕ ಕಾನೂನಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಹೋಗುವಾಗ ತಯಾರಿಕಾ ದೋಷವನ್ನು ಸಾಬೀತುಪಡಿಸುವ ಹೊಣೆ ಸಾಮಾನ್ಯವಾಗಿ ಕೊಂಡವರ ಮೇಲೆಯೇ ಬೀಳುವುದರಿಂದ, ದಿನಾಂಕಸಹಿತವಾದ ಈ ಕಾಗದಗಳೇ ನಿಮ್ಮ ಮುಖ್ಯ ಬಲ. ‘ಸಾಮಾನ್ಯ ತಪಾಸಣೆ’ ಎಂದಷ್ಟೇ ಬರೆದ ಕಾರ್ಡಿಗೆ ದಯವಿಟ್ಟು ಸಹಿ ಹಾಕಬೇಡಿ. ಆದರೆ ಈ ದಾಖಲೆ ದೋಷ ಮರುಕಳಿಸಿತೆಂಬುದನ್ನು ತೋರಿಸುತ್ತದೆಯೇ ಹೊರತು ಅದರ ಕಾರಣವನ್ನಲ್ಲ, ಆದ್ದರಿಂದ ಕಂಪನಿ ಒಪ್ಪದಿದ್ದರೆ ತಜ್ಞರ ವರದಿಯೂ ಬೇಕಾಗುತ್ತದೆ. ಬ್ರೇಕ್ ಪ್ಯಾಡ್, ಕ್ಲಚ್‌ನಂತಹ ಸವೆಯುವ ಭಾಗಗಳ ವಿಷಯದಲ್ಲಿ, ಅಥವಾ ಹೊರಗಿನ ಅಂಗಡಿಯಲ್ಲಿ ವೈರಿಂಗ್ ಕತ್ತರಿಸಿ ಬಿಡಿಭಾಗ ಜೋಡಿಸಿದ್ದರೆ, ವಾದ ದುರ್ಬಲವಾಗುತ್ತದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಮೊದಲು ದೂರು ಕೊಡಬಹುದು, ಆದರೆ ಇಂಥ ವ್ಯಾಜ್ಯಗಳನ್ನು ತೀರ್ಮಾನಿಸುವ ಗ್ರಾಹಕ ಆಯೋಗಕ್ಕೆ ಹೋಗಲು ವ್ಯಾಜ್ಯದ ಕಾರಣ ಹುಟ್ಟಿದ ದಿನದಿಂದ ಇರುವ 2 ವರ್ಷಗಳ ಗಡುವನ್ನು ರಿಪೇರಿಯ ಭರವಸೆಗಳಲ್ಲಿ ಕಳೆದುಕೊಳ್ಳಬೇಡಿ.