ಚಾಕುವಿನ ಒರೆಗೆ ಎಣ್ಣೆ ಕಡಿಮೆ ಸಾಕು

ಚಪ್ಪಲಿಯ ಚರ್ಮ ಬಗ್ಗಬೇಕು, ಒರೆಯ ಚರ್ಮ ಬಗ್ಗಬಾರದು. ಒರೆಗೆ ಆರೈಕೆ ಮಾಡುವಾಗ ನಾನು ಮುಖ್ಯವಾಗಿ ನೋಡುವುದು ಇದನ್ನೇ. ಚರ್ಮ ಬಿಗಿಯಾಗಿದ್ದರೇ ಚಾಕು ಒಳಗೆ ನಿಲ್ಲುತ್ತದೆ. ಎಣ್ಣೆ ಜಾಸ್ತಿ ಕುಡಿಸಿದರೆ ಒರೆಯ ಬಾಯಿ ಸಡಿಲವಾಗಿ ಚಾಕು ಜಾರಿ ಬೀಳುತ್ತದೆ. ಒಳಗೆ ಹಾಕುವಾಗ ಮೊನೆ ಮೆತ್ತನೆಯ ಚರ್ಮವನ್ನು ಚುಚ್ಚಿಕೊಂಡು ಹೊರಗೇ ಬರಬಹುದು. ಸೊಂಟದಲ್ಲಿ ಕಟ್ಟಿಕೊಳ್ಳುವ ವಸ್ತು ಅಲ್ವಾ, ಹುಷಾರಾಗಿರಬೇಕು.

ಮೊದಲು ಚಾಕು ತೆಗೆದು ಒರೆಯನ್ನು ತಲೆಕೆಳಗೆ ಮಾಡಿ ತಟ್ಟುತ್ತೇನೆ. ಒಳಗೆ ಸೇರಿದ ಮರಳಿನ ಕಣಗಳೇ ಅಲಗಿನ ಮೇಲೆ ಗೀರು ಹಾಕುವುದು. ಹೊರಗೆ ಒಣ ಬ್ರಷ್, ಆಮೇಲೆ ಚೆನ್ನಾಗಿ ಹಿಂಡಿದ ಒದ್ದೆ ಬಟ್ಟೆ. ನೆರಳಲ್ಲಿ ಗಾಳಿಗೆ ಒಣಗಲು ಬಿಡುತ್ತೇನೆ. ಬಿಸಿಲು, ಒಲೆ, ಹೇರ್ ಡ್ರೈಯರ್ ಯಾವುದೂ ಬೇಡ. ಬಿಸಿಗೆ ಚರ್ಮ ಮುದುರಿ ಸೀಳುತ್ತದೆ.

ಎಣ್ಣೆ ಬೇಕೋ ಬೇಡವೋ ಎಂದು ತಿಳಿಯಲು ಬೆಲ್ಟ್ ತೂರಿಸುವ ಪಟ್ಟಿಯನ್ನು ಮೆಲ್ಲಗೆ ಬಗ್ಗಿಸಿ ನೋಡುತ್ತೇನೆ. ಮಡಿಕೆಯಲ್ಲಿ ಕೂದಲೆಳೆಯಂಥ ಬಿಳಿ ಗೆರೆಗಳು ಕಂಡರೆ ಒಣಗಿದೆ ಎಂದರ್ಥ. ಆಗ ಆ ಪಟ್ಟಿಗೆ ಮಾತ್ರ ನೀಟ್ಸ್‌ಫುಟ್ ಎಣ್ಣೆ (ದನದ ಕಾಲಿನ ಎಲುಬಿನಿಂದ ತೆಗೆಯುವ, ಚರ್ಮ ಮೆತ್ತಗೆ ಮಾಡುವ ಎಣ್ಣೆ), ಅದೂ ತೆಳ್ಳಗೆ. ಬಗ್ಗಬೇಕಾದ ಜಾಗ ಅದೊಂದೇ. ಉಳಿದ ಮೈಗೆ ಜೇನುಮೇಣ ಬೆರೆಸಿದ ಕ್ರೀಮ್. ಬಟಾಣಿ ಕಾಳಿನಷ್ಟು ತೆಗೆದುಕೊಂಡು, ಬೆರಳಿನ ಬಿಸಿಗೆ ಕರಗಿಸಿ, ಹೊರಮೈಗೆ ಮಾತ್ರ ತಿಕ್ಕುತ್ತೇನೆ. ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ಒಣ ಬಟ್ಟೆಯಲ್ಲಿ ಉಜ್ಜಿದರೆ ಹೊಳಪು ಬರುತ್ತದೆ. ಬಣ್ಣ ಸ್ವಲ್ಪ ಕಪ್ಪಾಗಬಹುದು, ಹಾಗಾಗಿ ಮೊದಲು ಹಿಂಬದಿಯಲ್ಲಿ ಹಚ್ಚಿ ನೋಡಿ. ಅಡುಗೆ ಎಣ್ಣೆ ಬೇಡವೇ ಬೇಡ, ದಿನ ಕಳೆದಂತೆ ಕಮಟು ವಾಸನೆ ಬರುತ್ತದೆ.

ಹೊಲಿಗೆಯನ್ನೂ ನೋಡಬೇಕು. ಎರಡು ಪದರಗಳ ನಡುವೆ, ಅಂಚಿನುದ್ದಕ್ಕೂ, ಒಂದು ಚರ್ಮದ ಪಟ್ಟಿ ಇರುತ್ತದೆ. ಅಲಗಿನ ಹರಿತ ನೂಲಿಗೆ ತಾಗದಂತೆ ತಡೆಯುವುದು ಅದೇ. ನೂಲು ಒಣಗಿದ್ದರೆ ಜೇನುಮೇಣ ತಿಕ್ಕುತ್ತೇನೆ. ಆ ಪಟ್ಟಿಯೇ ಕತ್ತರಿಸಿ ಹೋಗಿದ್ದರೆ ಯಾವ ಕ್ರೀಮೂ ಉಪಯೋಗವಿಲ್ಲ, ಬಿಚ್ಚಿ ಹೊಸದಾಗಿ ಹೊಲಿಯಬೇಕು.

ಹಿತ್ತಾಳೆ ಗುಂಡಿಯ ಸುತ್ತ ಹಸಿರು ಕಿಲುಬು ಕಟ್ಟುತ್ತದೆ. ಹಿತ್ತಾಳೆಯಲ್ಲಿರುವ ತಾಮ್ರದ ಜೊತೆ ಚರ್ಮದ ಜಿಡ್ಡು ಸೇರಿ ಆಗುವುದು ಇದು. ಹಲ್ಲುಕಡ್ಡಿಯಲ್ಲಿ ಕೆರೆದು ಒರೆಸುತ್ತೇನೆ, ಆ ಜಾಗಕ್ಕೆ ಮತ್ತೆ ಎಣ್ಣೆ ಮುಟ್ಟಿಸುವುದಿಲ್ಲ. ಬೂಷ್ಟು ಬಂದಿದ್ದರೆ ಮನೆಯ ಹೊರಗೆ ಬ್ರಷ್ ಮಾಡಿ, ಸಮಪಾಲು ವಿನೆಗರ್ ಮತ್ತು ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಲ್ಲಿ ಒರೆಸಿ ಒಣಗಿಸುತ್ತೇನೆ.

ಇಷ್ಟೆಲ್ಲ ಮಾಡಿದ ಮೇಲೂ ಚಾಕುವನ್ನು ಒರೆಯಲ್ಲೇ ತಿಂಗಳುಗಟ್ಟಲೆ ಬಿಡುವುದಿಲ್ಲ. ಚರ್ಮ ಗಾಳಿಯ ತೇವ ಹೀರುತ್ತದೆ. ಹದ ಮಾಡುವಾಗ ಸೇರಿದ ಆಮ್ಲ, ಉಪ್ಪು ಅದರಲ್ಲಿ ಉಳಿದಿರುತ್ತವೆ. ಕಾರ್ಬನ್ ಸ್ಟೀಲ್ ಬೇಗ ತುಕ್ಕು ಹಿಡಿಯುತ್ತದೆ, ಸ್ಟೇನ್‌ಲೆಸ್ ಮೇಲೂ ಚುಕ್ಕಿ ಬೀಳಬಹುದು. ಅಲಗಿಗೆ ತೆಳ್ಳಗೆ ಎಣ್ಣೆ ಸವರಿ, ಒಣ ಕಾಗದದಲ್ಲಿ ಸುತ್ತಿ ಇಡುತ್ತೇನೆ. ಒರೆಯನ್ನು ಗಾಳಿಯಾಡುವ ಕಡೆ ಬೇರೆಯಾಗಿ ತೂಗುಹಾಕುತ್ತೇನೆ. ಪ್ಲಾಸ್ಟಿಕ್ ಚೀಲಕ್ಕೆ ಮಾತ್ರ ಹಾಕಬೇಡಿ, ಬೂಷ್ಟು ಮತ್ತೆ ಬರುತ್ತದೆ.