ಪ್ರವಾಸದ ದುಡ್ಡು ನಾನು ಕೊಡಲಿಲ್ಲ

ಟಾಂಜಾನಿಯಾದ ಅರುಶಾ ಪಟ್ಟಣದಿಂದ ಸ್ವಲ್ಪ ದೂರ, ಮೇರು ಪರ್ವತದ ಇಳಿಜಾರಿನಲ್ಲಿರುವ ಒಂದು ಪ್ರಾಥಮಿಕ ಶಾಲೆಯಲ್ಲಿ ನಾನು ಕೆಲವು ತಿಂಗಳು ಸ್ವಯಂಸೇವಕಿಯಾಗಿದ್ದೆ. ಸುತ್ತ ಬಾಳೆ ತೋಟ, ಕಾಫಿ ತೋಟ. ತಲೆ ಎತ್ತಿದರೆ 4,500 ಮೀಟರಿಗೂ ಎತ್ತರದ ಮೇರು. ಅದೇ ಪರ್ವತದ ಪೂರ್ವದ ಮಗ್ಗುಲಲ್ಲಿ ಅರುಶಾ ರಾಷ್ಟ್ರೀಯ ಉದ್ಯಾನ. ಅದನ್ನು ನೋಡಲು ಜನ ಎಲ್ಲೆಲ್ಲಿಂದಲೋ ವಿಮಾನ ಹತ್ತಿ ಬರುತ್ತಾರೆ. ನಮ್ಮ ಆರನೇ ತರಗತಿಯ ಮಕ್ಕಳಲ್ಲಿ ಒಬ್ಬರೂ ಅದರ ಗೇಟು ದಾಟಿರಲಿಲ್ಲ.

ವೀಸಾ ವಿಷಯ ಮೊದಲೇ ಹೇಳಿಬಿಡುತ್ತೇನೆ, ಎಲ್ಲರೂ ಕೇಳುವುದು ಅದನ್ನೇ. ಪ್ರವಾಸಿ ವೀಸಾದಲ್ಲಿ ಹೋಗಿ ಸುಮ್ನೆ ಪಾಠ ಮಾಡಿ ಬರೋಣ ಅಂದರೆ ಆಗುವುದಿಲ್ಲ. ಸಂಬಳ ಇಲ್ಲದಿದ್ದರೂ ಅಲ್ಲಿನ ಕಾನೂನಿಗೆ ಅದು ಕೆಲಸವೇ. ಸ್ವಯಂಸೇವಕರಿಗೆ 'ಸಿ' ದರ್ಜೆಯ ವಾಸದ ಪರವಾನಗಿ ಅಂತ ಇದೆ. ಟಿಕೆಟ್ ತೆಗೆಯುವ ಮುಂಚೆ ಕರೆಸಿಕೊಳ್ಳುವವರ ಜೊತೆ ಇದನ್ನು ಮಾತಾಡಿಕೊಳ್ಳಿ.

ಶಾಲೆಯಲ್ಲಿ ನನ್ನ ಕೆಲಸ ಇಂಗ್ಲಿಷ್ ಮತ್ತು ಗಣಿತದ ಮೇಷ್ಟ್ರಿಗೆ ಕೈಜೋಡಿಸುವುದು. ಅಲ್ಲಿನ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಪಾಠ ಸ್ವಾಹಿಲಿಯಲ್ಲಿ. ಏಳನೇ ತರಗತಿ ಮುಗಿಸಿ ಸೆಕೆಂಡರಿಗೆ ಹೋದರೆ ಎಲ್ಲವೂ ಒಮ್ಮೆಗೇ ಇಂಗ್ಲಿಷಿನಲ್ಲಿ. ಮಕ್ಕಳಿಗೆ ಅದೇ ದೊಡ್ಡ ಭಯ. ನನ್ನ ಸ್ವಾಹಿಲಿ ಹರಕುಮುರುಕು, ಅವರ ಇಂಗ್ಲಿಷ್ ಅದಕ್ಕಿಂತ ಸ್ವಲ್ಪ ವಾಸಿ. ಬೆಳಿಗ್ಗೆ ಎದುರು ಸಿಕ್ಕಾಗ 'ಶಿಕಾಮೊ' ಅಂತ ನಮಸ್ಕಾರ ಹೇಳುತ್ತಾರೆ, ನಾವು 'ಮರಹಬಾ' ಅನ್ನಬೇಕು. ಉತ್ತರ ಕೊಡದೆ ಹೋದರೆ ಮಕ್ಕಳು ಅಲ್ಲೇ ನಿಂತಿರುತ್ತಾರೆ.

ಉದ್ಯಾನಕ್ಕೆ ಹೋಗುವ ಯೋಚನೆ ವಿಜ್ಞಾನದ ಮೇಷ್ಟ್ರದ್ದು. ಅವರು ಹೇಳಿದ ತಕ್ಷಣ ಸ್ಟಾಫ್ ರೂಮಿನಲ್ಲಿ ಎಲ್ಲರೂ ನನ್ನ ಮುಖ ನೋಡಿದರು. ಅದರಲ್ಲಿ ತಪ್ಪೇನಿಲ್ಲ. ಹೊರಗಿನಿಂದ ಬರುವವರು ಸಾಮಾನ್ಯವಾಗಿ ಹಾಗೆಯೇ ಮಾಡುತ್ತಾರೆ. ದುಡ್ಡು ಕೊಡುತ್ತಾರೆ, ಮಕ್ಕಳ ಜೊತೆ ಫೋಟೋ ತೆಗೆಸಿಕೊಳ್ಳುತ್ತಾರೆ, ಹೊರಡುತ್ತಾರೆ. ಮುಂದಿನ ವರ್ಷದ ಆರನೇ ತರಗತಿಗೆ ಆ ಪ್ರವಾಸ ಬರೀ ಅಣ್ಣ ಅಕ್ಕಂದಿರ ಬಾಯಲ್ಲಿ ಕೇಳಿದ ಕಥೆ ಆಗಿರುತ್ತದೆ. ನನ್ನಿಂದ ಕೊಡಲು ಆಗುತ್ತಿತ್ತು. ಕೊಡುವುದಿಲ್ಲ ಅಂದೆ. ನನ್ನ ಟಿಕೆಟ್ ನನ್ನದು, ಲೆಕ್ಕ ಬರೆಯುವ ಕೆಲಸ ನನ್ನದು, ಉಳಿದದ್ದು ಶಾಲೆಯದ್ದು ಅಂತ ಹೇಳಿದೆ. ಒಂದು ನಿಮಿಷ ಯಾರೂ ಮಾತಾಡಲಿಲ್ಲ. ಆಮೇಲೆ ಮುಖ್ಯೋಪಾಧ್ಯಾಯಿನಿ, ಹಾಗಾದರೆ ಪೋಷಕರ ಸಭೆ ಕರೆಯೋಣ ಅಂದರು.

ಟಾಂಜಾನಿಯಾದ ಜನ ವಂತಿಗೆ ಎತ್ತುವುದನ್ನು ನೋಡಿದರೆ ನಾವು ಹೋಗಿ ಹೇಳಿಕೊಡುವುದು ಏನೂ ಇಲ್ಲ ಅನ್ನಿಸುತ್ತದೆ. ಮದುವೆ ಇರಲಿ, ಸಾವು ಇರಲಿ, ಸಮಿತಿ ಆಗುತ್ತದೆ, ಪಟ್ಟಿ ಬರುತ್ತದೆ, ಫೋನಿನ ಎಂ-ಪೇಸಾದಲ್ಲಿ ದುಡ್ಡು ಸೇರುತ್ತದೆ. 'ಮ್ಚಾಂಗೊ' ಅಂತಾರೆ ಅದಕ್ಕೆ. ಇಲ್ಲೂ ಅಷ್ಟೇ. ಅಧ್ಯಕ್ಷರೊಬ್ಬರು, ಕಾರ್ಯದರ್ಶಿಯೊಬ್ಬರು. ಖಜಾಂಚಿಯಾಗಿ ಬಾಳೆಕಾಯಿ ವ್ಯಾಪಾರದ ಒಬ್ಬ ಗಟ್ಟಿ ಹೆಂಗಸು. ಆಕೆಯ ಕೈಯಿಂದ ನೂರು ಶಿಲ್ಲಿಂಗ್ ಆಚೀಚೆ ಆಗುವ ಮಾತೇ ಇಲ್ಲ. ದುಡ್ಡು ಕೊಡಲಾಗದ ಮನೆಯವರು ಬಾಳೆಹಣ್ಣು, ಮೊಟ್ಟೆ, ಚಪಾತಿಗೆ ಹಿಟ್ಟು ಕೊಡಬಹುದು ಅಂತ ಆಕೆಯೇ ತೀರ್ಮಾನಿಸಿದಳು. ಯಾರು ಏನು ಕೊಟ್ಟರು ಅಂತ ಮಕ್ಕಳ ಎದುರು ಓದಬಾರದು ಅನ್ನುವುದೂ ಆಕೆಯದೇ ಮಾತು.

ಆದರೆ ಸಭೆಯಲ್ಲಿ ದುಡ್ಡಿಗಿಂತ ಜಾಸ್ತಿ ಹೊತ್ತು ಹೋದದ್ದು ಬಸ್ಸಿನ ಬಗ್ಗೆ. 2017ರ ಮೇ ತಿಂಗಳಲ್ಲಿ ಇದೇ ಅರುಶಾ ಪ್ರಾಂತ್ಯದ ಕರಾಟು ಹತ್ತಿರ ಒಂದು ಶಾಲಾ ಬಸ್ಸು ಕಂದಕಕ್ಕೆ ಬಿದ್ದು 30ಕ್ಕೂ ಹೆಚ್ಚು ಮಕ್ಕಳು ಸತ್ತರು. ಇಲ್ಲಿ ಅದನ್ನು ಮರೆತವರು ಯಾರೂ ಇಲ್ಲ. ಡ್ರೈವರ್ ಯಾರು? ಹಿಂದಿನ ರಾತ್ರಿ ಅವನು ಗಾಡಿ ಓಡಿಸಿರುತ್ತಾನಾ? ಕತ್ತಲಾಗುವ ಮುಂಚೆ ವಾಪಸ್ ಬರುತ್ತೀರಾ? 'ಲೆವೆಲ್ ಸೀಟ್' ತಾನೇ, ಅಂದರೆ ಯಾರೂ ನಿಂತು ಹೋಗುವುದಿಲ್ಲ ಅಲ್ವಾ? ಒಬ್ಬ ತಂದೆ ಬಸ್ಸಿನ ಟೈರನ್ನು ತಾನೇ ನೋಡಬೇಕು ಅಂದ. ಪ್ರವಾಸದ ಹಿಂದಿನ ದಿನ ಬಂದು ಮಂಡಿಯೂರಿ ಕೂತು, ನಾಲ್ಕೂ ಕಡೆ ಟೈರಿನ ಗೀರಿನೊಳಗೆ ಹೆಬ್ಬೆರಳು ಇಟ್ಟು ನೋಡಿ, ತಲೆಯಾಡಿಸಿ ಹೋದ. ನನಗೆ ಆ ಪರೀಕ್ಷೆ ಯಾವ ಸರ್ಟಿಫಿಕೇಟಿಗಿಂತಲೂ ಗಟ್ಟಿ ಅನ್ನಿಸಿತು.

ಈ ನಡುವೆ ಗಣಿತದ ಪೀರಿಯಡ್ಡಿಗೆ ಒಳ್ಳೆಯ ಸರಕು ಸಿಕ್ಕಿತು. ಖರ್ಚಿನ ಪಟ್ಟಿಯನ್ನು ಬೋರ್ಡಿನ ಮೇಲೆ ಬರೆದೆವು. ಬಸ್ಸಿನ ಬಾಡಿಗೆ, ಪ್ರವೇಶ ಶುಲ್ಕ, ರೇಂಜರ್ ಶುಲ್ಕ, ಊಟ. ಒಬ್ಬೊಬ್ಬರಿಗೆ ಎಷ್ಟು ಬೀಳುತ್ತದೆ? ಮಕ್ಕಳು ಜಾಸ್ತಿ ಆದಷ್ಟೂ ತಲೆಗೆ ಬೀಳುವ ಖರ್ಚು ಇಳಿಯುತ್ತದೆ ಅಂತ ಎಲ್ಲರೂ ಬೇಗ ಕಂಡುಹಿಡಿದರು. ಹಿಂದಿನ ಬೆಂಚಿನಲ್ಲಿ ಕೂರುವ, ಭಾಗಾಕಾರ ಅಂದರೆ ಮುಖ ತಿರುಗಿಸುವ ಒಬ್ಬಳು ಕೈ ಎತ್ತಿದಳು. "ಬಸ್ಸು ತುಂಬಿದ ಮೇಲೆ ಇನ್ನೊಬ್ಬರು ಬಂದರೆ?" ಅಂದಳು. ಇನ್ನೊಂದು ಬಸ್ಸು ಬೇಕು, ಲೆಕ್ಕ ದಿಢೀರನೆ ಮೇಲೆ ಹಾರುತ್ತದೆ. ಆ ದಿನ ಗಂಟೆ ಹೊಡೆದ ಮೇಲೂ ಕ್ಲಾಸು ಬಿಡಲಿಲ್ಲ. ಬಸ್ಸಿನಲ್ಲಿ ಹಿಡಿಯುವಷ್ಟು ಮಕ್ಕಳು ಮಾತ್ರ, ಆರನೇ ತರಗತಿ ಮಾತ್ರ ಅನ್ನುವ ನಿಯಮ ಹುಟ್ಟಿದ್ದು ಅಲ್ಲಿಂದ.

ಟಿಕೆಟಿನಲ್ಲಿ ಒಂದು ವಿಷಯ ಗೊತ್ತಿರಲಿ. ಅಲ್ಲಿನ ನಾಗರಿಕರಿಗೆ ಶಿಲ್ಲಿಂಗಿನಲ್ಲಿ ಒಂದು ದರ, ವಿದೇಶಿಯರಿಗೆ ಡಾಲರಿನಲ್ಲಿ ಇನ್ನೊಂದು ದರ. ಇವೆರಡರ ನಡುವೆ ಅಜಗಜಾಂತರ. ನನ್ನೊಬ್ಬಳ ಟಿಕೆಟಿನಲ್ಲಿ ಎಷ್ಟೋ ಮಕ್ಕಳು ಒಳಗೆ ಹೋಗಬಹುದಿತ್ತು. ಗೇಟಿನಲ್ಲಿ ನಗದು ಕೊಟ್ಟು ಒಳಗೆ ಹೋಗುವ ಕಾಲ ಮುಗಿದಿದೆ. ಶಾಲೆಯ ಹೆಸರಿನಲ್ಲಿ ಕಂಟ್ರೋಲ್ ನಂಬರ್, ಅಂದರೆ ಸರ್ಕಾರಕ್ಕೆ ದುಡ್ಡು ಕಟ್ಟಲು ಕೊಡುವ ಸಂಖ್ಯೆ, ತೆಗೆದುಕೊಂಡು ಮುಂಚೆಯೇ ಕಟ್ಟಿದೆವು. ಶಿಕ್ಷಣ ಅಧಿಕಾರಿಯ ಅನುಮತಿ ಪತ್ರವನ್ನು ಮುಖ್ಯೋಪಾಧ್ಯಾಯಿನಿ ತಾವೇ ಹೋಗಿ ತಂದರು.

ಮನೆಗಳಿಗೆ ಕಳಿಸಿದ ಪತ್ರದಲ್ಲಿ ಹೊರಡುವ ಹೊತ್ತನ್ನು ಎರಡು ರೀತಿ ಬರೆದೆವು. ಸ್ವಾಹಿಲಿಯಲ್ಲಿ ಗಂಟೆ ಎಣಿಸುವುದು ಸೂರ್ಯ ಹುಟ್ಟಿದ ಮೇಲಿಂದ. ನಮ್ಮ ಬೆಳಿಗ್ಗೆ ಏಳು ಅವರಿಗೆ ಒಂದು ಗಂಟೆ, ಆರು ಅವರಿಗೆ ಹನ್ನೆರಡು. ಹೊರಗಿನಿಂದ ಹೋದವರು ಏನೇ ಸಮಯ ಹೇಳಿದರೂ ಯಾವ ಲೆಕ್ಕ ಅಂತ ಖಚಿತ ಮಾಡಿಕೊಳ್ಳುವುದು ಒಳ್ಳೆಯದು.

ಪ್ರವಾಸಕ್ಕೆ ಜುಲೈ ಆರಿಸಿಕೊಂಡದ್ದು ಮಳೆ ತಪ್ಪಿಸಲು. ಮಾರ್ಚಿನಿಂದ ಮೇವರೆಗೆ ದೊಡ್ಡ ಮಳೆ, ಮಣ್ಣು ರಸ್ತೆ ಕೆಸರು. ಜುಲೈನಲ್ಲಿ ಒಣಗಿರುತ್ತದೆ, ಆದರೆ ಬೆಳಗಿನ ಚಳಿ ಕಡಿಮೆ ಏನಲ್ಲ. ಟಾಂಜಾನಿಯಾದಲ್ಲಿ 2019ರ ಜೂನ್ 1ರಿಂದ ಪ್ಲಾಸ್ಟಿಕ್ ಕೈಚೀಲಕ್ಕೆ ನಿಷೇಧ ಇದೆ. ಹಾಗಾಗಿ ಊಟ ಮುಚ್ಚಳದ ಬಕೆಟ್‌ಗಳಲ್ಲಿ ಬಂತು. ಚಪಾತಿ, ಬೇಯಿಸಿದ ಮೊಟ್ಟೆ, ಬಾಳೆಹಣ್ಣು. ಮುಚ್ಚಳದ ಬಕೆಟ್ಟಿನಿಂದ ಇನ್ನೊಂದು ಲಾಭವೂ ಇತ್ತು. ಊಟದ ಜಾಗದಲ್ಲಿ ಬಬೂನ್‌ಗಳು ನಮಗಿಂತ ಮೊದಲೇ ಬಂದು ಕೂತಿದ್ದವು.

ಮೋಶಿ ರಸ್ತೆಯಲ್ಲಿ ಉಸಾ ರಿವರ್ ಹತ್ತಿರ ತಿರುಗಿ ಎನ್ಗೊಂಗೊಂಗಾರೆ ಗೇಟಿನಿಂದ ಒಳಗೆ ಹೋದೆವು. ನಾನು ಕೂತದ್ದು ಬಸ್ಸಿನ ಕೊನೆಯ ಸೀಟಿನಲ್ಲಿ. ಮುಂದೆ ಮೈಕಿನಂತೆ ಗಂಟಲಿರುವ ವಿಜ್ಞಾನದ ಮೇಷ್ಟ್ರು. ಪಾಠವೆಲ್ಲ ಸ್ವಾಹಿಲಿಯಲ್ಲೇ. ನಾನು ಮಧ್ಯೆ ಬಾಯಿ ಹಾಕಿ ಇಂಗ್ಲಿಷ್ ತುರುಕಲಿಲ್ಲ. ಮೊದಲ ಜಿರಾಫೆ ಕಂಡಾಗ ಕಿರುಚಾಟ ಇರುತ್ತದೆ ಅಂದುಕೊಂಡಿದ್ದೆ. ಬಸ್ಸು ಪೂರ್ತಿ ಗಪ್‌ಚುಪ್. ಪುಸ್ತಕದಲ್ಲಿ ನೋಡಿದ ತಮ್ಮ ದೇಶದ ರಾಷ್ಟ್ರೀಯ ಪ್ರಾಣಿ ಕಿಟಕಿಯಿಂದ ಹತ್ತು ಹೆಜ್ಜೆ ದೂರದಲ್ಲಿ ಮುಳ್ಳಿನ ಮರದ ಎಲೆ ಕೀಳುತ್ತಿತ್ತು. ನಾಲಿಗೆ ಕಪ್ಪು. ಮುಳ್ಳುಗಳ ಮಧ್ಯೆ ಅದನ್ನು ತೂರಿಸಿ, ಕೊಂಬೆಗೆ ಸುತ್ತಿ ಜಗ್ಗುತ್ತಿತ್ತು. ಒಬ್ಬ ಹುಡುಗ ಅದನ್ನೇ ನೋಡುತ್ತಾ ತನಗೆ ಗೊತ್ತಿಲ್ಲದೆ ತಾನೂ ನಾಲಿಗೆ ಹೊರಗೆ ಚಾಚಿದ್ದ.

ಸಿಂಹ ಎಲ್ಲಿ ಅಂತ ದಾರಿಯುದ್ದಕ್ಕೂ ಕೇಳಿದರು. ಸಿಂಹ ನೋಡಲು ಹೋಗುವ ಜಾಗ ಇದಲ್ಲ, ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲಿರುವುದು ಕಾಡೆಮ್ಮೆ, ಜಿರಾಫೆ, ಕಪ್ಪು-ಬಿಳಿ ಕೋಲಬಸ್ ಕೋತಿ, ಮೊಮೆಲ್ಲಾ ಕೆರೆಗಳ ಫ್ಲೆಮಿಂಗೊ. ಕೆರೆಗಳ ನೀರು ಕ್ಷಾರ. ಅದರಲ್ಲಿ ಬೆಳೆಯುವ ಪಾಚಿ ತಿಂದು ಹಕ್ಕಿಗೆ ಗುಲಾಬಿ ಬಣ್ಣ ಬರುತ್ತದೆ ಅಂತ ಮೇಷ್ಟ್ರು ಹೇಳಿದಾಗ, ಹಾಗಾದರೆ ಪಾಚಿ ತಿಂದರೆ ನಮಗೂ ಬರುತ್ತಾ ಅನ್ನುವ ಪ್ರಶ್ನೆ ಬಂತು. ಎನ್ಗುರ್ದೊಟೊ ಅನ್ನುವ ಹಳೆಯ ಜ್ವಾಲಾಮುಖಿ ಕುಳಿಯನ್ನು ಅಂಚಿನಿಂದಲೇ ನೋಡಬೇಕು, ಒಳಗೆ ಇಳಿಯಲು ಬಿಡುವುದಿಲ್ಲ.

ನನಗೆ ಇಡೀ ದಿನದ ಅತಿ ಮುಖ್ಯ ಗಳಿಗೆ ಬಂದೂಕಿನ ರೇಂಜರ್ ಜೊತೆ ನಡೆಯುವಾಗ ಬಂತು. ರೇಂಜರ್ ಆನೆಗಳನ್ನು ಕಾಪಾಡುವ ಬಗ್ಗೆ ಚೆನ್ನಾಗಿ ಮಾತಾಡುತ್ತಿದ್ದ. ಒಬ್ಬ ಹುಡುಗ ಕೈ ಎತ್ತಿ, ನಮ್ಮ ಜೋಳ ತಿಂದು ಹೋದರೆ ದುಡ್ಡು ಯಾರು ಕೊಡುತ್ತಾರೆ ಅಂತ ಕೇಳಿದ. ಕಾಡಿನ ಅಂಚಿನ ಮನೆ ಅವನದು. ಸಫಾರಿಗೆ ಬರುವ ನಮ್ಮಂಥವರಿಗೆ ಆನೆ ಅಂದರೆ ಫೋಟೋ. ಅವನಿಗೆ ರಾತ್ರಿಯಿಡೀ ತಗಡು ಬಡಿಯುವ ಅಪ್ಪ. ರೇಂಜರ್ ಪ್ರಶ್ನೆಯನ್ನು ತಳ್ಳಿಹಾಕಲಿಲ್ಲ. ಬೆಳೆ ಹಾನಿಗೂ ಜೀವಹಾನಿಗೂ ಸರ್ಕಾರ ಸಾಂತ್ವನದ ಹಣ ಕೊಡುತ್ತದೆ, 2011ರಲ್ಲಿ ಅದಕ್ಕೆ ನಿಯಮ ಆಗಿದೆ, ಮೊದಲು ಹಳ್ಳಿಯ ಕಚೇರಿಗೆ ತಿಳಿಸಬೇಕು ಅಂದ. ಪೂರ್ತಿ ನಷ್ಟ ತುಂಬುವಷ್ಟು ಬರುವುದಿಲ್ಲ ಅಂತಲೂ ಹೇಳಿದ. ಹುಡುಗ ಪುಸ್ತಕ ತೆಗೆದು ಬರೆದುಕೊಂಡ. ಸಿಂಹ ಕಾಣದ ಬೇಜಾರು ಅಲ್ಲಿಗೆ ಮುಗಿಯಿತು, ಎಲ್ಲರೂ ತಮ್ಮ ತಮ್ಮ ಹೊಲದ ಕಥೆ ಶುರು ಮಾಡಿದರು. ನಾನು ಮುಂದೆ ನಿಂತು ಗೈಡ್ ಆಗಿದ್ದರೆ ಈ ಪ್ರಶ್ನೆ ಬರುತ್ತಿರಲಿಲ್ಲ, ಬಂದರೂ ನನ್ನ ಹತ್ತಿರ ಉತ್ತರ ಇರುತ್ತಿರಲಿಲ್ಲ.

ಫೋಟೋ ಬಗ್ಗೆ ಒಂದು ಮಾತು. ಮಕ್ಕಳ ಮುಖ ಇರುವ ಚಿತ್ರಗಳು ಶಾಲೆಯ ಫೋನಿನಲ್ಲಿ ಮಾತ್ರ ಇವೆ. ನನ್ನ ಹತ್ತಿರ ಇರುವುದು ಜಿರಾಫೆ, ಬಸ್ಸು, ಬಕೆಟ್. ನನ್ನ ಗೆಳತಿಯರಿಗೆ ಇದು ಅತಿ ಅನ್ನಿಸಿತು. ಇರಲಿ.

ಕತ್ತಲಾಗುವ ಮುಂಚೆಯೇ ವಾಪಸ್ ಬಂದೆವು. ಟೈರ್ ನೋಡಿದ್ದ ತಂದೆ ಗೇಟಿನಲ್ಲೇ ಇದ್ದ. ಮರುವಾರದ ಸಭೆಯಲ್ಲಿ ಖಜಾಂಚಿ ಪ್ರತಿ ರಸೀದಿಯನ್ನೂ ಓದಿದಳು. ಸ್ವಲ್ಪ ಶಿಲ್ಲಿಂಗ್ ಉಳಿದಿತ್ತು. ಅದರಲ್ಲಿ ಸೋಡಾ ತರಿಸೋಣ ಅಂದವರಿಗೂ, ಬೇಡ ಅಂದವರಿಗೂ ಜೋರು ವಾದ ನಡೆದು ಕೊನೆಗೆ ಮುಂದಿನ ವರ್ಷದ ಖಾತೆಗೆ ಹೋಯಿತು. ಪತ್ರದ ಪ್ರತಿ, ಬಸ್ಸಿನವನ ನಂಬರ್, ರಸೀದಿಗಳು, ಖರ್ಚಿನ ಹಾಳೆ, ಎಲ್ಲ ಒಂದು ಫೈಲಿಗೆ ಹಾಕಿ ವಿಜ್ಞಾನದ ಮೇಷ್ಟ್ರ ಬೀರುವಿನಲ್ಲಿಟ್ಟು ಬಂದೆ.

ಮುಂದಿನ ಜೂನ್‌ನಲ್ಲಿ ಅವರಿಂದ ಮೆಸೇಜ್ ಬಂತು. ಬಸ್ಸಿನವನು ಬಾಡಿಗೆ ಜಾಸ್ತಿ ಹೇಳುತ್ತಿದ್ದಾನೆ, ಕಳೆದ ಸಲ ಎಷ್ಟು ಕೊಟ್ಟಿದ್ದೆವು ನೆನಪಿದೆಯಾ ಅಂತ. ಫೈಲಿನ ಮೂರನೇ ಹಾಳೆ ನೋಡಿ ಅಂತ ಬರೆದೆ.